ನೀಲಿ ಮೂಲೆಯ ಚಂದ್ರಿಕೆ

ಕಳೆದ ತಿಂಗಳು ಯಾರದೋ ಮನೆಯ ಕೋಳಿಗೂಡಿನ ಗೋಡೆ ಕಿತ್ತುಕೊಂಡು ಬರಲು ಟೆಂಪೊದಲ್ಲಿ ಹೋಗಿದ್ದೆ. ಇನ್ನೊಬ್ಬರ ಮನೆಯ ಕಿಟಕಿಯ ಮರೆಯನ್ನೂ ಬಿಚ್ಚಿಕೊಂಡು ಬಂದೆವು. ಗಾಬರಿಯಾಗಬೇಡಿ, ಕಳ್ಳತನವಲ್ಲ. ಎಲ್ಲವೂ ಬಾಡಿಗೆ ಸಾಮಾನು. ಅದರ ಓನರಮ್ಮನೇ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದರು.

ಮೊದಲಿನಿಂದ ಹೇಳುತ್ತೇನೆ. ಸ್ಕೂಲಿಗೆ ಬೇಸಿಗೆ ರಜಾ ಬಂತಲ್ಲ, ಹಪ್ಪಳ ಮಾಡೋಣ ಬಾ ಎಂದು ಅಕ್ಕ ಕರೆದಳು. (ಕೆಂಚಾರ್ಲಹಳ್ಳಿಯ ಲಲಿತಕ್ಕ. ಈ ಅಂಕಣ ಓದುವವರಿಗೆ ಹೊಸಬಳೇನಲ್ಲ.) ಹೋದ ಮಾರನೇ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ಅಕ್ಕ ಹುಳದ ಮನೆಯಿಂದ ಓಡಿಬಂದು ಅಂಗೈಯಲ್ಲಿದ್ದ ಒಂದು ರೇಷ್ಮೆಹುಳವನ್ನು ಬೆಳಕಿಗೆ ಹಿಡಿದಳು. ಮೈಯೆಲ್ಲ ಹಳದಿ ತಿರುಗಿ ಒಳಗೆ ದೀಪ ಹಚ್ಚಿಟ್ಟ ಹಾಗಿತ್ತು.

"ಹಣ್ಣಾಗ್ಬಿಟ್ಟವೆ ಕಣೇ. ನಾಡಿದ್ದಿಗೆ ಅಂತ ಚಂದ್ರಿಕೆ ಹೇಳಿದ್ದೆ," ಎಂದಳು.

ಈ ಕಡೆ ಹೆಚ್ಚು ಬಾರದ ಓದುಗರಿಗೆ ಒಂದು ಮಾತು. ಚಂದ್ರಿಕೆ ಎಂದರೆ ಬಿದಿರಿನ ದೊಡ್ಡ ತಟ್ಟಿ. ಅದರ ಮೇಲೆ ಬಿದಿರಿನದೇ ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಕಟ್ಟಿರುತ್ತಾರೆ. ಹಣ್ಣಾದ, ಅಂದರೆ ಮೇವು ಬಿಟ್ಟು ನೂಲು ಬಿಡಲು ತಯಾರಾದ ಹುಳುವನ್ನು ಅದರ ಮೇಲೆ ಬಿಟ್ಟರೆ ಸಂದಿಯಲ್ಲಿ ಕೂತು ಗೂಡು ಕಟ್ಟುತ್ತದೆ. ಚಂದ್ರಿಕೆ ಇಲ್ಲವೋ, ಹಿಪ್ಪುನೇರಳೆ ಸೊಪ್ಪಿನ ಕಸದ ಮೇಲೇ ನೂಲು ಉಗುಳಿ ಮುಗಿಸುತ್ತದೆ. ರಾತ್ರಿ ಹಗಲು ಸೊಪ್ಪು ಹಾಕಿ ಸಾಕಿದ್ದೆಲ್ಲ ಗುಡಿಸಿ ಎಸೆಯುವ ಕಸವಾಗುತ್ತದೆ.

ಅಕ್ಕನಿಗೆ ಇನ್ನೊಂದು ಸಂಕಟ ಬೇರೆ. ಭಾವನ ಕಣ್ಣು ದ್ರಾಕ್ಷಿಯ ಮೇಲೆ ಬಿದ್ದು ವರ್ಷವಾಗಿದೆ. ಇದೊಂದು ಬೆಳೆ ನೋಡ್ತೀನಿ, ಕೆಟ್ಟರೆ ಸೊಪ್ಪಿನ ತೋಟ ಕಿತ್ತು ದ್ರಾಕ್ಷಿ ಹಾಕ್ತೀನಿ ಅಂದಿದ್ದರು. ಹುಳದ ಮನೆ ಅಕ್ಕನ ರಾಜ್ಯ. ಅಲ್ಲಿ ಅವಳ ಮಾತೇ ನಡೆಯುತ್ತದೆ. ದ್ರಾಕ್ಷಿ ಚಪ್ಪರದ ಕೆಳಗೆ ಅವಳ ಮಾತು ಕೇಳುವವರು ಯಾರು?

ನಮ್ಮ ಕಡೆ ಈಗ ಏನು ತಾನೇ ಬಾಡಿಗೆಗೆ ಸಿಗುವುದಿಲ್ಲ ಹೇಳಿ. ಗಂಟೆ ಲೆಕ್ಕದಲ್ಲಿ ಸೈಕಲ್ಲು. ಭಾನುವಾರ ಸಿನಿಮಾ ನೋಡಲು ವಿಸಿಪಿ. ಮದುವೆಗೆ ಶಾಮಿಯಾನ, ಪಾತ್ರೆ, ಜನರೇಟರು. ಇವೆಲ್ಲ ಸ್ವಲ್ಪ ತಡವಾದರೂ ಪ್ರಪಂಚ ಮುಳುಗುವುದಿಲ್ಲ. ಹುಳು ಮಾತ್ರ ಕಾಯುವುದಿಲ್ಲ. ಊರಿಗೆ ಊರೇ ಒಂದೇ ವಾರ ಮೊಟ್ಟೆ ತರುತ್ತದೆ, ಒಂದೇ ವಾರ ಎಲ್ಲರ ಹುಳವೂ ಹಣ್ಣಾಗುತ್ತದೆ. ಆ ವಾರ ಎಷ್ಟು ಚಂದ್ರಿಕೆ ಇದ್ದರೂ ಸಾಲದು, ಮುಂದಿನ ವಾರ ಇಡಲು ಜಾಗ ಸಾಲದು. ಬಿದಿರು ದುಬಾರಿ, ಹೆಣೆಯುವವರು ಕಡಿಮೆ. ಈಗ ಮಡಚಿಡುವ ಪ್ಲಾಸ್ಟಿಕ್ಕಿನದೂ ಬಂದಿದೆ. ಇಂಥ ವ್ಯಾಪಾರ ಯಾರಿಗೆ ಬೇಕು?

ಶಿಡ್ಲಘಟ್ಟದ ನೂರ್‌ಜಾನಮ್ಮನಿಗೆ ಬೇಕು. ಗಂಡ ತೀರಿಕೊಂಡ ಮೇಲೆ ಆ ವ್ಯಾಪಾರವನ್ನು ಅವರೇ ನಡೆಸುತ್ತಿದ್ದಾರೆ. ಪ್ರತಿ ಚಂದ್ರಿಕೆಯ ಮೂಲೆಗೂ ನೀಲಿ ಪೇಂಟಿನ ಗುರುತು ಹಾಕಿಸಿದ್ದಾರೆ. ಅಕ್ಕ, ನಾನು ಟೆಂಪೊ ಮಾಡಿಕೊಂಡು ಹೋದಾಗ ಅವರ ಮನೆಯ ಗೋಡೆಗೆ ನೀಲಿ ಮೂಲೆಯ ಚಂದ್ರಿಕೆಗಳು ಸಾಲಾಗಿ ಒರಗಿದ್ದವು. ನನಗೆ ಹೋದ ಜೀವ ಬಂತು.

ನೂರ್‌ಜಾನಮ್ಮ ಕೊಡುವುದಿಲ್ಲ ಎಂದರು. ಅವು ಹಿಂದಿನ ದಿನವಷ್ಟೇ ಹಾಲುತೊಂಡೆ ರೋಗ ಬಿದ್ದ ಮನೆಯಿಂದ ಬಂದಿದ್ದವಂತೆ. ಔಷಧಿ ಹೊಡೆದು, ಬೆಂಕಿಯಲ್ಲಿ ಸವರಿ, ಬಿಸಿಲಿಗೆ ಹಾಕುವವರೆಗೆ ಗೋಡೆ ಬಿಟ್ಟು ಅಲ್ಲಾಡುವ ಹಾಗಿಲ್ಲವಂತೆ. ಅಕ್ಕ ಬೇಡಿಕೊಂಡಳು. ಹಣ್ಣಾದ ಹುಳಕ್ಕೆ ಇನ್ನೇನು ರೋಗ ತಗಲೀತು, ಈ ಬೆಳೆ ಗೂಡಾದರೆ ಸಾಕು, ಯಾರಿಗೂ ಹೇಳುವುದಿಲ್ಲ ಎಂದಳು. ನಾನೂ ಜೊತೆಗೆ ದನಿಗೂಡಿಸಿದೆ.

"ಈ ಬೆಳೆ ಗೂಡಾಗತ್ತೆ ಲಲಿತಮ್ಮ. ಮುಂದಿನ ಬೆಳೆ? ನಿನ್ನ ಪಕ್ಕದ ಮನೆಯವ್ರ ಬೆಳೆ? ನೀಲಿ ಮೂಲೆ ಬಂದ ಮನೇಲಿ ರೋಗ ಬಂತು ಅಂತ ಜನ ಅಂದ್ರೆ, ನಾನು ಪ್ಯಾಟೇಲಿ ಹೆಂಗೆ ತಲೆ ಎತ್ಕೊಂಡು ತಿರುಗಣ?"

ಅಕ್ಕ ಅಲ್ಲೇ ಜಗಲಿಯ ಮೇಲೆ ಕೂತು ಅಳತೊಡಗಿದಳು. ನೂರ್‌ಜಾನಮ್ಮ ಸಮಾಧಾನ ಮಾಡಲಿಲ್ಲ. ಒಳಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು ಟೆಂಪೊ ಹತ್ತಿದರು. "ಅಳೋದು ಆಮೇಲೆ ಅಳು. ನನ್ನ ಚಂದ್ರಿಕೆ ಊರೂರಲ್ಲಿ ಮಜವಾಗಿ ಕೂತವೆ, ಎಬ್ಬಿಸ್ಕೊಂಡು ಬರಣ ನಡಿ."

ಆಮೇಲೆ ನಾನು ನೋಡಿದ್ದನ್ನು ಏನೆಂದು ಹೇಳಲಿ! ಗೂಡು ಬಿಡಿಸಿಕೊಂಡ ಮೇಲೂ ಜನ ಚಂದ್ರಿಕೆ ವಾಪಸ್ ಕಳಿಸಿರಲಿಲ್ಲ. ಒಂದು ಮನೆಯಲ್ಲಿ ಅದು ಕೋಳಿಗೂಡಿನ ಗೋಡೆ. ಇನ್ನೊಂದರಲ್ಲಿ ಪಡುವಣ ಬಿಸಿಲಿಗೆ ಕಿಟಕಿಯ ಮರೆ. ಮತ್ತೊಂದು ಮನೆಯ ಅಂಗಳದಲ್ಲಿ ಅದರ ಮೇಲೆ ಹಳೇ ಸೀರೆ ಹಾಸಿ ಅಕ್ಕಿ ಹಪ್ಪಳ ಒಣಗಿಸಿದ್ದರು. ಸಿಕ್ಕಿಬಿದ್ದ ನಾಚಿಕೆಗೆ ಆ ಮನೆಯಾಕೆ ನನ್ನ ಕೈಗೊಂದು ಹಪ್ಪಳ ಕೊಟ್ಟಳು. ಅದರ ಬೆನ್ನ ಮೇಲೆ ಚಂದ್ರಿಕೆಯ ಸುರುಳಿ ಬಾಗಿದ ಗೆರೆಗಳಾಗಿ ಅಚ್ಚೊತ್ತಿತ್ತು.

ನೂರ್‌ಜಾನಮ್ಮ ಎಲ್ಲೂ ಜಗಳ ಆಡಲಿಲ್ಲ. ನಿಮ್ಮನೇಲಿ ಹುಳ ಚೆನ್ನಾಗಿತ್ತಾ, ರೋಗ ಏನೂ ಇರಲಿಲ್ಲ ತಾನೇ, ಎಂದು ವಿಚಾರಿಸಿ, ಹೊಗಳಿ, ಕೋಳಿಯನ್ನು ಒಂದು ಕೈಯಲ್ಲಿ ಓಡಿಸುತ್ತ ಇನ್ನೊಂದು ಕೈಯಲ್ಲಿ ಚಂದ್ರಿಕೆ ಎಳೆದುಕೊಂಡರು. ಕೋಳಿ, ಹಪ್ಪಳ ತಗಲಿದ್ದ ಚಂದ್ರಿಕೆಗಳನ್ನೆಲ್ಲ ಅಲ್ಲೇ ಬೋರ್‌ವೆಲ್ ಬಳಿ ತೊಳೆಸಿದರು. ಉರಿಬಿಸಿಲು, ಟೆಂಪೊದ ಮೇಲೇ ಒಣಗಿದವು. ಒಂದು ಕಡೆ ಬಚ್ಚಲಿಗೆ ಬಾಗಿಲಾಗಿ ನಿಂತಿದ್ದನ್ನು ಬಿಚ್ಚಲು ಹೋದಾಗ ಒಬ್ಬ ಅಜ್ಜಿ ಅಡ್ಡ ಬಂದು "ಇದೊಕ್ಕಟಿ ವದ್ದಮ್ಮಾ, ಬಾಲಿಂತ ಉಂದಿ" ಎಂದರು. ಇದೊಂದು ಬೇಡಮ್ಮ ಅಂತ. ಒಳಗೆ ಬಾಣಂತಿಗೆ ನೀರು ಹಾಕುತ್ತಿದ್ದರು. ನೂರ್‌ಜಾನಮ್ಮ ಕಟ್ಟಿದ್ದ ಹಗ್ಗವನ್ನು ಇನ್ನೊಂದು ಸುತ್ತು ಬಿಗಿ ಮಾಡಿ ವಾಪಸ್ ಬಂದರು. ಆ ಹೆಂಗಸಿನ ಮೇಲೆ ನನಗೆ ಎಂಥ ಗೌರವ ಬಂತೆಂದರೆ, ಬಾಯಿಬಿಟ್ಟು ಹೇಳಲು ಸಂಕೋಚವಾಗಿ ಸುಮ್ಮನೆ ಚಂದ್ರಿಕೆ ಹೊತ್ತೆ.

ಇಳಿಹೊತ್ತಿಗೆ ಅಕ್ಕನ ಮನೆ ಸೇರಿದೆವು. ನೂರ್‌ಜಾನಮ್ಮನೂ ಕೂತು ಹುಳ ಆಯ್ದರು. (ನಾನೂ ಆಯ್ದೆ. ಮೊದಲ ಹಿಡಿಗೆ ಮೈ ಜುಮ್ಮೆಂದಿತು, ಆಮೇಲೆ ಅಭ್ಯಾಸವಾಯಿತು.) ಸ್ವಲ್ಪ ಹುಳ ಅಷ್ಟರಲ್ಲಿ ಕಸದ ಮೇಲೆ ನೂಲು ಬಿಟ್ಟಿದ್ದವು ನಿಜ, ಉಳಿದದ್ದು ಉಳಿಯಿತು. ಬೆಳಗಾಗುವಾಗ ಚಂದ್ರಿಕೆಗಳ ಮೇಲೆ ತೆಳ್ಳಗೆ ಬೆಳ್ಳಗೆ ಪೊರೆ ಕಟ್ಟಿತ್ತು. ಭಾವ ಬಂದು ನೋಡಿದರು. ಸೊಪ್ಪಿನ ತೋಟಕ್ಕೆ ಗೊಬ್ಬರ ಯಾವಾಗ ಹೊಡೆಸಬೇಕು ಅಂತ ಅಕ್ಕನನ್ನೇ ಕೇಳಿದರು.

ಗೂಡು ಮಾರಾಟವಾಯಿತು. ಮೊನ್ನೆ ಶಿಡ್ಲಘಟ್ಟದಲ್ಲಿ ನೂರ್‌ಜಾನಮ್ಮ ಸಿಕ್ಕಿದರು. ಚಂದ್ರಿಕೆ ಎಲ್ಲ ಬಂದವಾ ಎಂದೆ. ಒಂದು ಕಡಿಮೆ ಬಿತ್ತು, ಎಲ್ಲೋ ದಾರಿಯಲ್ಲಿ ಬಿದ್ದಿರಬೇಕು, ಹೋಗಲಿ ಬಿಡಿ, ನಿಮ್ಮಕ್ಕ ಅಂಥವರಲ್ಲ ಎಂದರು. ನನಗೆ ಹೆಮ್ಮೆಯಾಯಿತು.

ನಿನ್ನೆ ಅಕ್ಕ ಬಸ್ಸಿನಲ್ಲಿ ಒಂದು ಡಬ್ಬ ಕಳಿಸಿದ್ದಾಳೆ. ರಜದಲ್ಲಿ ಅರ್ಧಕ್ಕೆ ನಿಂತುಹೋದ ಅಕ್ಕಿ ಹಪ್ಪಳ. ಎಣ್ಣೆ ಕಾಯಲು ಇಟ್ಟು ಒಂದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದೆ. ಬೆನ್ನ ತುಂಬ ಬಾಗಿದ ಗೆರೆಗಳು.

ಈಗ ನೀವೇ ಹೇಳಿ, ಇವನ್ನು ಕರಿಯಲೋ, ನೂರ್‌ಜಾನಮ್ಮನನ್ನು ಟೆಂಪೊ ಹತ್ತಿಸಲೋ?