ಒಂದು ಸೀರೆ, ಎರಡು ಕೈ

ಊಟವಾದ ಮೇಲೆ ಐದು ನಿಮಿಷ ಒರಗುತ್ತೇನೆಂದು ಹೇಳಿ ಐದೇ ನಿಮಿಷಕ್ಕೆ ಎದ್ದ ಮನುಷ್ಯನನ್ನು ನಾನಿನ್ನೂ ನೋಡಿಲ್ಲ. ಕನ್ನಡಿಯಲ್ಲಂತೂ ಕಂಡೇ ಇಲ್ಲ. ತೆಲಂಗಾಣದ ಗಡಿಯ ನಾರಾಯಣಪೇಟೆಯಲ್ಲಿ ಸೀರೆ ನೇಯುವವನು ನಾನು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಸಂಜೆಯವರೆಗೂ ಲಾಳಿಯನ್ನು ಓಡಿಸುತ್ತಿದ್ದವನು. ಹೋದ ವರ್ಷದಿಂದ ಮಧ್ಯಾಹ್ನದ ಅನ್ನ ಹೊಟ್ಟೆಗಿಳಿಯುವ ಮೊದಲೇ ಕಣ್ಣು ಮುಚ್ಚತೊಡಗಿದವು.

ನಮ್ಮ ಸೀಮೆಯಲ್ಲಿ ಮನುಷ್ಯ ಮೂರು ಭಾಷೆಗಳಲ್ಲಿ ದಣಿಯಬಹುದು. ಮನೆಯಲ್ಲಿ ದಣಿವು, ತೆಲುಗಿನ ನೆರೆಯವರ ಮುಂದೆ ಅಲಸಟ, ಚಹದಂಗಡಿಯ ಉರ್ದುವಿನಲ್ಲಿ ಥಕಾವಟ್. ನಾನು ಮೂರರಲ್ಲೂ ದಣಿದೆ. ವಯಸ್ಸು ಎಂದೆ, ಬಿಸಿಲು ಎಂದೆ, ಹೊಸ ಅಕ್ಕಿಯ ಗುಣ ಎಂದೆ. ಪ್ರತಿ ಸಲವೂ ಸಕ್ಕರೆ ಮುಂದಾದ ಚಹವನ್ನು ಔಷಧಿಯಂತೆ ಕುಡಿದೆ.

ಸಮಾಧಾನವೆಂದರೆ ಸೀರೆ ಮಾತ್ರ ನಿಂತಿರಲಿಲ್ಲ. ಎದ್ದು ಬಂದು ನೋಡಿದರೆ ನಾನು ಬಿಟ್ಟದ್ದಕ್ಕಿಂತ ಅದು ಬೆಳೆದಂತೆ ಕಾಣುತ್ತಿತ್ತು. ನೇಯ್ದ ಬಟ್ಟೆ ಉರುಳೆಗೆ ಸುತ್ತಿಕೊಂಡು ಹೋಗುವುದರಿಂದ ಕಣ್ಣಿಗೆ ಬೀಳುವುದು ಒಂದಿಷ್ಟೇ. ನಿದ್ದೆಗಣ್ಣಿನಲ್ಲೂ ಇಷ್ಟು ನೇಯ್ದುಬಿಟ್ಟಿದ್ದೇನಲ್ಲ, ಎಂಥ ಪಳಗಿದ ಕೈ ನನ್ನದು ಎಂದು ಒಳಗೊಳಗೇ ಬೀಗುತ್ತಿದ್ದೆ.

ಒಂದು ದಿನ, ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುವ ಸಾವುಕಾರರು ಸೀರೆಯನ್ನು ಬೆಳಕಿಗೆ ಹಿಡಿದು, “ಇದರಾಗ ಎರಡು ಕೈ ಅದಾವಲ್ಲರೀ. ಒಂದು ಕೈ ಖಡಕ್ ಐತಿ. ಇನ್ನೊಂದು ತೂಕಡಿಸೈತಿ” ಎಂದರು. ಮಗ್ಗಕ್ಕೆ ಕೂರುವವನು ನಾನೊಬ್ಬನೇ ಎಂದು ನಕ್ಕೆ. “ಮುಂದಿನ ಸೀರಿ ಎಲ್ಲಾ ಈ ಖಡಕ್ ಕೈಲೇ ನೇಯಸ್ರಿ. ಇಲ್ಲಾಂದ್ರ ನೂಲು ಕೊಡಾಕ ಆಗಾಂಗಿಲ್ಲ” ಎಂದರು ಅವರು ನಗದೆ.

ಅವರು ಮರಳಿಸಿದ ಸೀರೆಯೊಂದಿಗೆ ಮನೆಗೆ ಬಂದು ಇದನ್ನೇ ತಮಾಷೆಯಾಗಿ ಹೆಂಡತಿ ನೀಲಮ್ಮನಿಗೆ ಹೇಳಿದೆ. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವಳ ರಾಟಿ ನಿಂತಿತು.

“ನೀವು ಮಲಗಿದಾಗ ನಾನೇ ಗುಂಡಿಗಿಳೀತಿದ್ದೆರೀ. ಎಬ್ಬಿಸಿದ್ರ ಮೈಮ್ಯಾಲ ಬರ್ತಿದ್ರಿ. ಸೀರಿ ಮುಗೀಬೇಕಲ್ಲ?”

ಆ ಮಾತಿಗಿಂತ ದೊಡ್ಡ ಪೆಟ್ಟು ಬಿದ್ದದ್ದು ಸೀರೆ ಬಿಡಿಸಿ, ಅವಳು ನೇಯ್ದದ್ದು ಎಲ್ಲಿಂದ ಎಲ್ಲಿಯವರೆಗೆ ಎಂದು ಕೇಳಿದಾಗ. ಅವಳು ಬೆರಳಿಟ್ಟು ತೋರಿಸಿದ್ದು ಖಡಕ್ ಭಾಗವನ್ನು! ತೂಕಡಿಸಿದ ಕೈ ನನ್ನದು. ಅಪ್ಪನಿಂದ ಕಲಿತ ಕೈ, ಊರೆಲ್ಲ ಹೊಗಳಿದ ಕೈ. ಅದು ಹೋದರೆ ನನ್ನಲ್ಲಿ ಉಳಿಯುವುದೇನು ಎಂದು ನಿಜವಾಗಿಯೂ ಹೆದರಿದೆ.

ನೀಲಮ್ಮನೇ ದವಾಖಾನೆಗೆ ಎಳೆದೊಯ್ದಳು. ಡಾಕ್ಟರಮ್ಮ ರಕ್ತದ ಪರೀಕ್ಷೆ ನೋಡಿ, “ವಯಸು ಕಾದಯ್ಯಾ, ಷುಗರ್” ಎಂದರು ತೆಲುಗಿನಲ್ಲಿ. ವಯಸ್ಸಲ್ಲವಂತೆ, ಸಕ್ಕರೆಯಂತೆ! ರಕ್ತದಲ್ಲಿ ಅದು ತುಂಬಿ ತುಳುಕುತ್ತಿದ್ದರೂ ಮೈಗೆ ದಕ್ಕುವುದಿಲ್ಲವಂತೆ, ಅದಕ್ಕೇ ಈ ಸುಸ್ತು. ಅಂದರೆ ದಣಿವಿಗೆಂದು ನಾನು ಕುಡಿದ ಚಹವೆಲ್ಲ ದಣಿವಿಗೇ ಹಾಕಿದ ಮೇವು. ಇಂಥ ರೋಗಕ್ಕೆ ಮಧುಮೇಹವೆಂದು ಜೇನಿನ ಹೆಸರಿಟ್ಟ ಹಳೆಯ ವೈದ್ಯರ ರಸಿಕತೆಗೆ ಏನನ್ನಬೇಕೋ ತಿಳಿಯಲಿಲ್ಲ. ದಿನಾ ನಡೆಯಬೇಕೆಂದಾಗ, ಮಗ್ಗದ ಕಾಲ್ಮಣೆ ತುಳಿಯುತ್ತಲೇ ಇರುತ್ತೇನಲ್ಲ ಎಂದು ವಾದಿಸಿದೆ. “ಕಾಲು ಆಡ್ತಾವ, ಮನುಷ್ಯಾ ಕುಂತೇ ಇರ್ತಾನ” ಎಂದು ಅವರು ಈ ಸಲ ಕನ್ನಡದಲ್ಲೇ ಬೈದರು.

ಮಾತ್ರೆ ಶುರುವಾಯಿತು. ಅನ್ನದ ಗುಡ್ಡ ಕರಗಿ ತಟ್ಟೆಯಲ್ಲಿ ಸೊಪ್ಪು, ಬೇಳೆ, ಮಿತವಾಗಿ ಜೋಳದ ರೊಟ್ಟಿ ಬಂದವು. ಚಹ ಸಪ್ಪೆಯಾಯಿತು, ಮುಖವೂ ಕೆಲವು ದಿನ ಹಾಗೇ ಇತ್ತು. ಸಂಜೆ ಮಕ್ತಲ್ ರಸ್ತೆಯಲ್ಲಿ ತೊಗರಿ ಹೊಲ ನೋಡುತ್ತ ನಡೆದೆ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿದೆ. ದಣಿವು ಒಮ್ಮೆಲೇ ಹೋಗಲಿಲ್ಲ. ಬಹಳ ದಿನ ಇದ್ದ ನೆಂಟರಂತೆ ಹೊರಟು ಹೊರಟು ಕೂತು, ತಿಂಗಳುಗಳ ಮೇಲೆ ಹೋಯಿತು.

ಒಂದು ಮಧ್ಯಾಹ್ನ ಊಟ ಮಾಡಿ ನೇರ ಮಗ್ಗಕ್ಕೆ ಬಂದೆ. ನಿದ್ದೆಯ ಸುಳಿವಿಲ್ಲ! ಈ ಶೌರ್ಯವನ್ನು ತೋರಿಸೋಣವೆಂದು ತಿರುಗಿದರೆ, ನೀಲಮ್ಮ ರಾಟಿಯ ಮುಂದೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು, ಕೈಯಲ್ಲಿ ಕಡಿದ ನೂಲು. ಆ ಹೊತ್ತಿನ ಅವಳ ಮುಖವನ್ನು ನಾನು ನೋಡಿಯೇ ಎಷ್ಟೋ ಕಾಲವಾಗಿತ್ತು. ಇಷ್ಟು ಬಾಡಿದ್ದು ಯಾವಾಗ? ಗಾಬರಿಯಿಂದ ಎಬ್ಬಿಸಿದೆ.

“ನಿನಗೂ ಇಷ್ಟು ದಣಿವಾಗ್ತಿತ್ತೇನ? ಒಂದು ದಿನಾನೂ ಹೇಳಲಿಲ್ಲಲ್ಲ!”

ಅವಳು ಕಡಿದ ನೂಲಿಗೆ ಗಂಟು ಹಾಕುತ್ತ ಅಂದಳು: “ಹೇಳಾಕ ನೀವು ಎಚ್ಚರ ಇರಬೇಕಾಗಿತ್ತಲ್ಲರೀ.”