ಚಪ್ಪರದೊಳಗಿನ ಹೂವಿನ ಮನೆ

ನಾನು ಚಿಕ್ಕವಳಿದ್ದಾಗ ನಮ್ಮ ಮಾಂಬಳ್ಳಿಯ ಮನೆಯಲ್ಲಿ ಹೂವು ಎಲ್ಲರಿಗೂ ಸೇರಿದ್ದಾಗಿರಲಿಲ್ಲ. ಹಿತ್ತಲಿನ ಮಲ್ಲಿಗೆ ಬಳ್ಳಿಗೆ ದಿನವೂ ನೀರು ಹೊತ್ತು ಹಾಕುತ್ತಿದ್ದವಳು ಅಕ್ಕ. ಆದರೆ ಅದರ ಒಂದು ಮೊಗ್ಗನ್ನೂ ಮುಡಿಯುವ ಹಕ್ಕು ಅವಳಿಗಿರಲಿಲ್ಲ. ಮದುವೆಯಾಗಿ ವರ್ಷ ತುಂಬುವ ಮೊದಲೇ ಅವಳ ಗಂಡ ಜ್ವರದಿಂದ ತೀರಿಹೋಗಿ, ಅವಳು ತವರಿಗೆ ಮರಳಿದ್ದಳು. ಅಪ್ಪನ ತಾಯಿಯಾದ ನಮ್ಮ ಅಜ್ಜಿಯ ಕಥೆಯೂ ಅದೇ. ಅಪ್ಪ ತೊಟ್ಟಿಲಲ್ಲಿದ್ದಾಗ ಅಜ್ಜ ಹೋದರಂತೆ. ಅಂದಿನಿಂದ ಅಜ್ಜಿ ಹೂವನ್ನು ಮುಟ್ಟಿರಲಿಲ್ಲ. ನನಗೆ ಹೂ ಕಟ್ಟುವುದನ್ನು ಕಲಿಸಿದವರು ಅವರೇ, ಆದರೆ ಕಲಿಸಿದ್ದು ರಾಗಿ ಹುಲ್ಲಿನ ಕಡ್ಡಿಗಳಲ್ಲಿ.

ಹಾಗೆ ಕಲಿತು ನಾನು ಕಟ್ಟಿದ ಮೊದಲ ತುಂಡು ಮಲ್ಲಿಗೆಯನ್ನು ಅಕ್ಕನ ಜಡೆಗೆ ಸಿಕ್ಕಿಸಿದೆ. ಎದುರು ಮನೆಯ ದೊಡ್ಡಮ್ಮ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಮಜ್ಜಿಗೆ ಕೇಳಲು ಬಂದವರು ಅದನ್ನು ಕಂಡರು. ಕೂದಲೂ ಕಿತ್ತು ಬರುವಂತೆ ಹೂವನ್ನು ಎಳೆದು ತಿಪ್ಪೆಗೆ ಎಸೆದರು. ಆಮೇಲೆ ಮಜ್ಜಿಗೆಯನ್ನೂ ತೆಗೆದುಕೊಂಡು ಹೋದರು. ಅವರು ತಂದಿದ್ದ ಚೊಂಬಿನ ಕಂಠ ಒಂದು ಕಡೆ ನೆಗ್ಗಿತ್ತು. ಅದನ್ನೂ ನಾನು ಮರೆತಿಲ್ಲ.

ಎರಡು ಬೇಸಗೆ ಕಳೆದ ಮೇಲೆ ಅಪ್ಪ ಅಕ್ಕನಿಗೆ ಮತ್ತೊಂದು ಗಂಡು ನೋಡಿದರು. ಶಾಗ್ಯ ಎಂಬ ಊರಿನವರು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಅವರಿಗೂ ಮೊದಲ ಹೆಂಡತಿ ತೀರಿದ್ದರು. ಆದರೆ ಗಂಡಿಗೆ ಅದು ಎರಡನೆಯ ಮದುವೆ ಎನಿಸಿಕೊಳ್ಳುತ್ತಿತ್ತು. ಹೆಣ್ಣಿಗೆ ಅದನ್ನು ಮದುವೆ ಎನ್ನುತ್ತಲೇ ಇರಲಿಲ್ಲ. ‘ಸೀರೆ ಉಡಿಸುವುದು’ ಎನ್ನುತ್ತಿದ್ದರು. ಹೊತ್ತು ಮುಳುಗಿದ ಮೇಲೆ, ಚಪ್ಪರವಿಲ್ಲದೆ, ವಾಲಗವಿಲ್ಲದೆ, ಹೂವಿಲ್ಲದೆ ಒಂದು ಸೀರೆ ಉಡಿಸಿ ಹಿಂಬಾಗಿಲಿಂದ ಕಳುಹಿಸುವ ಪದ್ಧತಿ ಅದು. ದೊಡ್ಡಪ್ಪ ನಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತು ಅದನ್ನೇ ಹೇಳಿದರು.

“ಕತ್ತಲಾದ್ಮೇಲೆ ಸೀರೆ ಉಡ್ಸಿ ಕಳ್ಸ್‌ಬುಡು ಕಣ್ಲಾ. ಚಪ್ಪರ ಆಕುದ್ರೆ ನಮ್ಮೋರ್ಯಾರೂ ನಿನ್ನ ಒಸ್ಲು ತುಳ್ಯಾಕಿಲ್ಲ.”

ಅಪ್ಪ ಸೌಮ್ಯ ಮನುಷ್ಯ. ಅಣ್ಣನ ಎದುರು ತಲೆ ಎತ್ತಿದ್ದನ್ನು ನಾನು ನೋಡಿದ್ದು ಅಂದೇ ಮೊದಲು. “ಕಳ್ತನ ಮಾಡ್ತಿಲ್ಲ ಅಣ್ಣ, ಮಗಳ ಮದ್ವೆ ಮಾಡ್ತಾ ಇವ್ನಿ. ಅಗಲೊತ್ತಲ್ಲೇ ಮಾಡ್ತೀನಿ” ಎಂದರು.

ಆದರೆ ಸೌಮ್ಯರ ಕೋಪ ವಿವೇಕವನ್ನು ಬೇಗ ಕಳೆದುಕೊಳ್ಳುತ್ತದೆ. ಅಪ್ಪ ಅಕ್ಕನ ಮೊದಲ ಮದುವೆಗೆ ಹಾಕಿಸಿದ್ದಕ್ಕಿಂತಲೂ ದೊಡ್ಡ ಚಪ್ಪರ ಹಾಕಿಸಿದರು. ಬೀದಿಯ ಅರ್ಧವನ್ನು ತೆಂಗಿನ ಗರಿ ಆವರಿಸಿತು. ಬಾಳೆಯ ಕಂದು, ಮಾವಿನ ತೋರಣ, ಸಾಲುಸಾಲು ಚಾಪೆ. ನೆಂಟರು ಬಂದೇ ಬರುತ್ತಾರೆ, ರಕ್ತಸಂಬಂಧವೆಂದರೆ ಅಷ್ಟು ಸುಲಭವಾಗಿ ಕಡಿಯುವುದಲ್ಲ ಎಂದು ಅವರು ನಂಬಿದ್ದರು.

ಯಾರೂ ಬರಲಿಲ್ಲ. ಮದುವೆಯ ಬೆಳಿಗ್ಗೆ ದೊಡ್ಡಪ್ಪ ತಮ್ಮ ಜಗುಲಿಯ ಮೇಲೆ ಎಲೆಅಡಿಕೆ ತಟ್ಟೆ ಇಟ್ಟುಕೊಂಡು, ನಮ್ಮ ಕಡೆ ಮುಖ ಮಾಡಿ ಕುಳಿತರು. ಯಾರು ನಮ್ಮ ಬಾಗಿಲು ತುಳಿಯುತ್ತಾರೆಂದು ನೋಡುವುದಕ್ಕೆ. ಬೀದಿಯಲ್ಲಿ ಬಂದವರು ಅವರನ್ನು ಕಂಡು ಹೆಜ್ಜೆ ತಿರುಗಿಸಿದರು. ಹಾಗೆ ತಿರುಗಿಸಿದವರ ಹೆಸರು ಬರೆಯುವುದಿಲ್ಲ. ಮಕ್ಕಳೇ, ಅವರ ಮರಿಮಕ್ಕಳು ನಿಮ್ಮೊಡನೆ ಆಡುತ್ತಾರೆ.

ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೂವು ಬಂದಿತು. ಹಾರ, ದಂಡೆ, ಕಟ್ಟಿದ ಮಾಲೆ ಎಂದು ಅಪ್ಪ ಹೂವಾಡಿಗನಿಗೆ ಹೇಳಿ ಬಂದಿದ್ದರು. ಬಂದದ್ದು ಬರೀ ಬಿಡಿ ಹೂವಿನ ಕುಕ್ಕೆಗಳು. ಹೆಣ್ಣು ಎಂಥವಳೆಂದು ಯಾರೋ ತಿಳಿಸಿದರಂತೆ. ಹೂವು ಮಾರುತ್ತೇನೆ, ಅಂಥ ಮದುವೆಗೆ ಕಟ್ಟಿಕೊಡುವುದಿಲ್ಲ ಎಂದು ಅವನು ಕಂಡಕ್ಟರ್ ಕೈಲಿ ಹೇಳಿ ಕಳುಹಿಸಿದ್ದ. ಆ ಯಾರೋ ಯಾರೆಂದು ಎದುರು ಜಗುಲಿಯ ನಗು ನಮಗೆ ತಿಳಿಸಿತು.

ಅಷ್ಟರಲ್ಲಿ ಗಂಡಿನ ಕಡೆಯವರೂ ಬಂದರು. ಅವರೂ ಒಂದು ಹಿಡಿ ಜನ. ಆ ವಿಶಾಲವಾದ ಚಪ್ಪರದ ನಡುವೆ, ರಾಶಿ ಎತ್ತಿಕೊಂಡು ಹೋದ ಕಣದಲ್ಲಿ ಉಳಿದ ಕಾಳುಗಳಂತೆ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತರು. ಬಾಗಿಲ ಸಂದಿಯಿಂದ ಅಕ್ಕ ಅದನ್ನೆಲ್ಲ ನೋಡಿದಳು. ಒಳಗೆ ಬಂದು, ಉಟ್ಟಿದ್ದ ಧಾರೆ ಸೀರೆಯ ಸೆರಗನ್ನು ಸೊಂಟದಿಂದ ಬಿಚ್ಚತೊಡಗಿದಳು.

“ಸಾಯಂಕಾಲ ಒಳಗೇ ಮಾಡ್ಬುಡವ್ವ. ನಂಗೆ ಹೂವ ಬ್ಯಾಡ” ಎಂದಳು.

ಅಪ್ಪ ಕುಕ್ಕೆಗಳ ಮುಂದೆ ಕೈಚೆಲ್ಲಿ ನಿಂತಿದ್ದರು. ನನಗೆ ತಿಪ್ಪೆಯ ಮೇಲೆ ಬಿದ್ದಿದ್ದ ಆ ಮಲ್ಲಿಗೆಯೇ ಕಣ್ಣ ಮುಂದೆ ಬಂದಿತು. ಈ ಬಾರಿಯೂ ದೊಡ್ಡಮ್ಮನೇ ಗೆಲ್ಲುತ್ತಾರೆ ಎಂದುಕೊಂಡೆ.

ಬೆಳಗಿನಿಂದ ಹಿತ್ತಲಲ್ಲಿ, ಶುಭಕಾರ್ಯಕ್ಕೆ ಅಡ್ಡ ಬರಬಾರದೆಂದು ದೂರ ಕುಳಿತಿದ್ದ ಅಜ್ಜಿ ಎದ್ದು ಬಂದರು. ನೇರವಾಗಿ ಚಪ್ಪರಕ್ಕೆ ನಡೆದು, ಕುಕ್ಕೆಯ ಪಕ್ಕದಲ್ಲಿ ಕಾಲು ಚಾಚಿ ಕುಳಿತರು. “ಬಾಳೆ ನಾರು ನೆನ್ಸಿ ತತ್ತಾ ಕೂಸೆ” ಎಂದು ನನ್ನನ್ನು ಕರೆದರು.

ಅವ್ವ ಹೌಹಾರಿ ಹೊರಗೆ ಬಂದರು. ಗಂಡ ಸತ್ತವರು ಕಟ್ಟಿದ ಹೂವನ್ನು ಮದುಮಕ್ಕಳಿಗೆ ಮುಡಿಸುವುದೆಂದರೆ ನಮ್ಮಲ್ಲಿ ಯಾರೂ ಕೇಳದ ಮಾತು. “ಅತ್ತೆಮ್ಮ, ನೀವು...” ಎಂದು ಅವ್ವ ಅಲ್ಲಿಗೇ ನಿಲ್ಲಿಸಿದರು.

“ಯಾಕವ್ವ? ನಾ ಮುಟ್ಟುದ್ರೆ ಕೆಡುಕು ಅನ್ನದಾದ್ರೆ, ಒಳಗವ್ಳಲ್ಲ ಹೆಣ್ಣು, ಅವಳ್ನೂ ಮುಟ್ಟಬ್ಯಾಡಿ” ಎಂದರು ಅಜ್ಜಿ.

ಅವ್ವ ಕುಳಿತು ಅಜ್ಜಿಯ ಮಡಿಲಿಗೆ ಹೂವು ಸುರಿದರು. ಅಜ್ಜಿಯ ಬೆರಳುಗಳು ಮೊದಲೆರಡು ಗಂಟುಗಳಲ್ಲಿ ತಡವರಿಸಿದವು, ಆಮೇಲೆ ನಿಲ್ಲಲಿಲ್ಲ. ಅಜ್ಜಿ ಕತ್ತೆತ್ತಿ ಚಪ್ಪರವನ್ನು ಒಂದು ಸುತ್ತು ನೋಡಿ ಅಪ್ಪನನ್ನು ಕೇಳಿದರು: “ಇಷ್ಟಗಲ ಯಾರಿಗ್ಲಾ ಆಕ್ಸಿದ್ದು? ಬರ್ದೇ ಇರೋ ನಿಮ್ಮಣ್ಣಂಗಾ? ಇರೋ ಜನಕ್ಕೆ ಮನೆ ಕಟ್ಟು.”

ಅಪ್ಪನಿಗೆ ಅದು ಅರ್ಥವಾಯಿತು. ಚಪ್ಪರದ ನಟ್ಟನಡುವಿನ ನಾಲ್ಕು ಕಂಬಗಳಿಗೆ, ಕುಳಿತವರ ತಲೆಗಿಂತ ತುಸುವೇ ಮೇಲೆ ಹಗ್ಗ ಬಿಗಿದರು. ಅದರಿಂದ ನೆಲದವರೆಗೆ ಹೂವಿನ ಸರಗಳನ್ನು ಒತ್ತೊತ್ತಾಗಿ ಇಳಿಬಿಡಬೇಕು. ಚೆಂಡು ಹೂವನ್ನು ದಬ್ಬಳದಲ್ಲಿ ಪೋಣಿಸಿ ಗೋಡೆ ಮಾಡುವುದು, ಸೇವಂತಿಗೆ ಮೂಲೆಗಳಿಗೆ, ಮಲ್ಲಿಗೆ ಮತ್ತು ಮರುಗ ಮದುಮಕ್ಕಳು ಕೂರುವ ಜಾಗಕ್ಕೆ. ಬೀದಿಯ ಕಡೆಯ ಗೋಡೆ ಎಲ್ಲಕ್ಕಿಂತ ದಟ್ಟವಾಗಿರಲಿ ಎಂದು ಅಜ್ಜಿ ಅಪ್ಪಣೆ ಮಾಡಿದರು. ಅದರ ಕಾರಣವನ್ನು ಕೇಳುವ ಅಗತ್ಯ ಯಾರಿಗೂ ಬರಲಿಲ್ಲ.

ಗಂಡಿನ ಕಡೆಯವರು ಚಾಪೆ ಎಳೆದುಕೊಂಡು ಕೂತರು. ಮದುಮಗನಾದ ಭಾವ ದನಗಳಿಗೆ ಔಷಧ ಕುಡಿಸುವ ದಪ್ಪ ಬೆರಳುಗಳಲ್ಲಿ ಚೆಂಡು ಹೂ ಪೋಣಿಸಿದ್ದನ್ನು ನೋಡಿ ಅವರ ತಂಗಿಯೇ ನಕ್ಕಳು. ಆ ನಗು ಕೇಳಿ ಅಕ್ಕ ಹೊರಗೆ ಬಂದಳು. ಸೆರಗನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡು ಅಜ್ಜಿಯ ಪಕ್ಕದಲ್ಲಿ ಕುಳಿತು, ತನ್ನ ಹಾರವನ್ನು ತಾನೇ ಕಟ್ಟತೊಡಗಿದಳು. ಎದುರು ಜಗುಲಿಯಿಂದ ದೊಡ್ಡಮ್ಮ, ಹೂವಿನಲ್ಲಿ ಮುಚ್ಚಿಟ್ಟುಕೊಂಡು ಮಾಡುವ ಮದುವೆ ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದರು. ಯಾರೂ ತಲೆ ಎತ್ತಲಿಲ್ಲ.

ಗೋಡೆ ಮುಗಿದ ಮೇಲೆ ನಾವೆಲ್ಲ ಬಗ್ಗಿ ಒಳಗೆ ಹೋದೆವು. ಮಂಡಿಗೆ ಮಂಡಿ ತಾಗುವಷ್ಟೇ ಜಾಗ. ಬಿಸಿಲು ಚೆಂಡು ಹೂವಿನ ನಡುವೆ ಸೋಸಿ ಬಂದು ಎಲ್ಲರ ಮುಖದ ಮೇಲೂ ಒಂದೇ ಹಳದಿ ಬಣ್ಣ ಚೆಲ್ಲಿತ್ತು. ಒದ್ದೆ ನಾರಿನ ವಾಸನೆ, ಮರುಗದ ಘಮ, ಪಕ್ಕದವರ ಉಸಿರು. ದೊಡ್ಡ ಮದುವೆಗಳಲ್ಲಿ ತಾಳಿಯನ್ನು ತಟ್ಟೆಯಲ್ಲಿಟ್ಟು ಸಭೆಯಲ್ಲೆಲ್ಲ ಸುತ್ತಿಸುತ್ತಾರೆ. ಇಲ್ಲಿ ಎಲ್ಲರೂ ಕುಳಿತಲ್ಲಿಂದಲೇ ಕೈಚಾಚಿ ಮುಟ್ಟಿದೆವು. ಭಾವ ಅದನ್ನು ಕಟ್ಟುವಾಗ ಒಂದೊಂದು ಗಂಟು ಬಿಗಿದದ್ದೂ ನನಗೆ ಕಾಣಿಸಿತು. ಅಷ್ಟು ಹತ್ತಿರದಿಂದ ನಾನು ಮತ್ತಾವ ಮದುವೆಯನ್ನೂ ನೋಡಿಲ್ಲ.

ಅಜ್ಜಿ ತಾವೇ ಕಟ್ಟಿದ ಮಲ್ಲಿಗೆಯನ್ನು ಅಕ್ಕನಿಗೆ ಮುಡಿಸಿದರು. ಅಕ್ಕ ಅದನ್ನು ಜಡೆಯಿಂದ ಬಿಡಿಸಿ, ನಡುವೆ ತುಂಡು ಮಾಡಿ, ಅರ್ಧವನ್ನು ಅಜ್ಜಿಯ ಬಿಳಿ ತುರುಬಿಗೆ ಸಿಕ್ಕಿಸಿದಳು. ಅಜ್ಜಿ ಕೈ ಎತ್ತಿದರು. ಕಿತ್ತುಹಾಕುತ್ತಾರೆಂದು ನಾನು ಅಂದುಕೊಂಡೆ. ಅವರು ಅದನ್ನು ಸರಿಯಾಗಿ ಕೂತಿದೆಯೇ ಎಂದು ಮುಟ್ಟಿ ನೋಡಿಕೊಂಡರು, ಅಷ್ಟೇ. ಮದುಮಕ್ಕಳನ್ನು ಬಸ್ಸು ಹತ್ತಿಸಲು ಅದೇ ಹೂವಿನಲ್ಲಿ, ಬೀದಿಯ ನಡುವೆ, ಎದುರು ಜಗುಲಿಯ ಮುಂದೆಯೇ ನಡೆದುಹೋದರು.

ಕಾಲ ಕಳೆದಂತೆ ದೊಡ್ಡಪ್ಪನ ಮನೆಯವರು ಅಕ್ಕನ ಮದುವೆಯನ್ನು ಹೇಗೋ ನುಂಗಿಕೊಂಡರು. ಅಜ್ಜಿಯ ತುರುಬಿನ ಹೂವನ್ನು ಮಾತ್ರ ನುಂಗಲಿಲ್ಲ. ದೊಡ್ಡಪ್ಪನಿಗೆ ಹೆತ್ತ ತಾಯಿಯಾದರೂ, ಅಜ್ಜಿ ತೀರಿಕೊಂಡ ದಿನ ಮಣ್ಣು ಕೊಡಲು ಬಂದವರು ಊಟಕ್ಕೆ ಕೂರದೆ ಹೋದರು.

ಮಕ್ಕಳೇ, ನಿಮ್ಮ ಕಾಲದಲ್ಲಿ ಹೂವಿಗೆ ಕೊರತೆಯಿಲ್ಲ. ಮೊನ್ನೆ ಕೊಳ್ಳೇಗಾಲದ ಛತ್ರದಲ್ಲಿ ನೀವೂ ನೋಡಿದಿರಿ: ಲಾರಿಯಲ್ಲಿ ಬಂದಿಳಿದ ಹೂವು, ಮನೆಯೆತ್ತರದ ಹೂವಿನ ಗೋಡೆ, ಅದರ ಮುಂದೆ ಫೋಟೋಗೆ ಸಾಲು. ಮದುಮಕ್ಕಳು ಎಷ್ಟು ದೂರವಿದ್ದರೆಂದರೆ, ತಾಳಿ ಕಟ್ಟಿದ್ದನ್ನು ನಾನು ಟೀವಿ ಪರದೆಯಲ್ಲಿ ನೋಡಬೇಕಾಯಿತು. ಬಾಗಿಲಲ್ಲಿ ನಿಮ್ಮಲ್ಲೇ ಒಬ್ಬಳು ಹೂವಿನ ತಟ್ಟೆ ಹಿಡಿದು ಬಂದವರಿಗೆಲ್ಲ ಒಂದೊಂದು ತುಂಡು ಮಲ್ಲಿಗೆ ಕೊಡುತ್ತಿದ್ದಳು. ನಾನು ಬಂದಾಗ ನನ್ನ ಹಣೆಯನ್ನು ನೋಡಿ, ತಟ್ಟೆಯನ್ನು ಪಕ್ಕದವರತ್ತ ಸರಿಸಿದಳು. ನಿಮ್ಮ ತಾತ ಹೋಗಿ ಇನ್ನೂ ವರ್ಷ ತುಂಬಿಲ್ಲ. ಹಾಗೆ ಸರಿಸಬೇಕೆಂದು ಅವಳಿಗೆ ಯಾರೋ ಹೇಳಿಕೊಟ್ಟಿದ್ದಾರೆ. ಯಾರೆಂದು ನನಗೆ ಗೊತ್ತು. ತಪ್ಪು ಮಗುವಿನದಲ್ಲ.

ತಟ್ಟೆ ಹಿಡಿದಿದ್ದವಳೇ, ನಾಳೆ ಬೆಳಿಗ್ಗೆ ನನ್ನ ಹತ್ತಿರ ಬಾ. ಹಿತ್ತಲ ಮಲ್ಲಿಗೆ ಮೊಗ್ಗು ಬಿಟ್ಟಿದೆ, ನಾರು ನೆನೆಸಿಟ್ಟಿರುತ್ತೇನೆ. ರಾಗಿ ಹುಲ್ಲಿನಲ್ಲಿ ಅಲ್ಲ, ಹೂವಿನಲ್ಲೇ ಕಲಿಸುತ್ತೇನೆ. ಕಟ್ಟಿ ಮುಗಿದ ಮೇಲೆ ನಡುವೆ ತುಂಡು ಮಾಡು. ಅರ್ಧ ನೀನು ಮುಡಿ. ಉಳಿದರ್ಧಕ್ಕೆ ನಾನು ತಲೆ ಬಗ್ಗಿಸಿ ಕೂತಿರುತ್ತೇನೆ.