ಮೂವತ್ತನಾಲ್ಕು ರುಜು

ಯೆಮನ್ನಿನ ಒಂದು ಬೆಟ್ಟದೂರಿನ ಭೂದಾಖಲೆ ಕಚೇರಿಯಲ್ಲಿ ಅಬ್ದುಲ್ ವಾಸಿ ಗುಮಾಸ್ತ. ಯುದ್ಧದಿಂದಾಗಿ ಸಂಬಳ ನಿಂತು ಏಳು ವರ್ಷವಾಗಿದ್ದರೂ ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ. ಸತತ ಮೂವತ್ತು ದಿನ ಹಾಜರಿ ಪುಸ್ತಕದಲ್ಲಿ ರುಜು ಬೀಳದಿದ್ದರೆ ಸಂಬಳದ ಪಟ್ಟಿಯಿಂದ ಹೆಸರು ಹೊಡೆದುಹಾಕಬೇಕೆಂದು ಕಾನೂನು. ಹೆಸರೊಂದು ಉಳಿದರೆ, ಯುದ್ಧ ಮುಗಿದ ಮೇಲೆ ಬಾಕಿ ಸಂಬಳವೆಲ್ಲ ಒಟ್ಟಿಗೆ ಬರುತ್ತದೆಂದು ಅವನ ನಂಬಿಕೆ. ಆ ಹೆಸರಿನ ಮುಖ ನೋಡಿಯೇ ಅಂಗಡಿಯವನು ಸಾಲಕ್ಕೆ ಹಿಟ್ಟು ಕೊಡುತ್ತಿದ್ದ.

"ನೀವು ಮದುವೆ ಆಗಿದ್ದು ನನ್ನನ್ನೋ, ಆ ಪುಸ್ತಕಾನೋ?" ಎಂದು ಹೆಂಡತಿ ಬಿಲ್ಕೀಸ್ ಚುಚ್ಚುತ್ತಿದ್ದಳು.

"ಒಂದಿನ ಆ ಪುಸ್ತಕಾನೇ ಅನ್ನ ಹಾಕುತ್ತೆ ಕಣೇ."

"ಯಾವಾಗ? ನಾನು ಸತ್ತ ಮೇಲಾ?"

ಅವಳ ಮೂತ್ರಪಿಂಡ ಕೈಕೊಟ್ಟಾಗ ಏಡನ್ ನಗರದ ದೊಡ್ಡಾಸ್ಪತ್ರೆಗೆ ಒಯ್ಯದೆ ವಿಧಿಯಿರಲಿಲ್ಲ. ಪಕ್ಕದ ಮೇಜಿನ ನಶ್ವಾನ್, "ಅತ್ತಿಗೇನ ನೋಡ್ಕೊಳ್ಳಿ ಅಣ್ಣ, ಇಲ್ಲೀದು ನನಗೆ ಬಿಡಿ" ಎಂದ. ರಜೆ ಕೊಡಬೇಕಾದ ಮೇಲಧಿಕಾರಿ ಊರು ಬಿಟ್ಟು ಓಡಿಹೋಗಿ ವರ್ಷವಾಗಿತ್ತು.

ಹೋಗಿಬರುವುದಕ್ಕೆ ಮೂವತ್ತನಾಲ್ಕು ದಿನ ಹಿಡಿಯಿತು. ಬಿಲ್ಕೀಸ್ ಏಡನ್ನಿನ ಮಣ್ಣಲ್ಲೇ ಉಳಿದಳು.

ಮರಳಿದವನು ಮೊದಲು ಮಾಡಿದ್ದು ಅಂತ್ಯಕ್ರಿಯೆಯ ಸಹಾಯಧನಕ್ಕೆ ಅರ್ಜಿ. ನೌಕರನ ಹೆಂಡತಿ ತೀರಿಕೊಂಡರೆ ಕೊಡಬೇಕೆಂದು ಅದೇ ಕಾನೂನು ಹೇಳುತ್ತಿತ್ತು. ಮರಣಪತ್ರವನ್ನೂ ಲಗತ್ತಿಸಿದ. ಕಾನೂನನ್ನು ಅಕ್ಷರ ಬಿಡದೆ ಓದಿದ ಜಾಣನಿಗೆ ಹಾಜರಿ ಪುಸ್ತಕದ ಹಿಂದಿನ ಪುಟ ತಿರುವಿ ನೋಡುವ ಬುದ್ಧಿ ಬರಲಿಲ್ಲ.

ಪಟ್ಟಿ ಪರಿಶೀಲನೆಗೆ ಬಂದ ಅಧಿಕಾರಿ ಮರಣಪತ್ರವನ್ನೂ ಹಾಜರಿ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟ. "ಏಡನ್ನಲ್ಲಿ ಹೆಂಡತೀನ ಮಣ್ಣು ಮಾಡಿದ ದಿನ ಇಲ್ಲಿ ರುಜು ಹಾಕಿದ್ದೀರಲ್ಲ ಯಜಮಾನ್ರೇ, ಹಾರ್ಕೊಂಡು ಬಂದ್ರಾ?"

ನಶ್ವಾನನ ಮುಖ ಬಿಳಿಚಿಕೊಂಡಿತು. ಅವನಿಗೆ ಐದು ಮಕ್ಕಳು. ಗೈರಾದವನಿಗೆ ಮೇಲ್ಮನವಿಯ ದಾರಿಯಿದೆ, ಕಳ್ಳರುಜು ಹಾಕಿದವನಿಗಿಲ್ಲ ಎಂಬುದು ಅಬ್ದುಲ್ ವಾಸಿಗೆ ಬಾಯಿಪಾಠ. ರುಜು ಹಾಕಿದವನ ಹೆಸರು ಹೇಳಿದರೆ ಸಾಕು, ತನ್ನ ಏಳು ವರ್ಷ ಉಳಿದೀತು. ಆ ಹೆಸರು ನಾಲಿಗೆಯ ತುದಿಗೂ ಬಂತು.

"ಬಂದ ಮೇಲೆ ನಾನೇ ಹಾಕ್ಕೊಂಡೆ ಸಾರ್," ಎಂದ.

"ಎಲ್ಲಾನೂ?"

"ಮೂವತ್ತನಾಲ್ಕೂ."

ಅಧಿಕಾರಿ ಹೆಸರಿನ ಮೇಲೆ ಗೆರೆ ಎಳೆದ. ನಶ್ವಾನ್ ಮುಖ ಮುಚ್ಚಿಕೊಂಡು ಅತ್ತ, ಆದರೆ ಬಾಯಿ ಬಿಡಲಿಲ್ಲ. ಅವನನ್ನು ಬೈಯಲು ಈ ಕತೆ ಹೇಳುವ ನನಗೂ ಬಾಯಿ ಬರುವುದಿಲ್ಲ.

ಸಂಜೆ ಅಬ್ದುಲ್ ವಾಸಿ ಚೀಲ ಹಿಡಿದು ಅಂಗಡಿಗೆ ಹೋದ. ಸುದ್ದಿ ಅವನಿಗಿಂತ ಮೊದಲೇ ತಲುಪಿತ್ತು.

"ಪಟ್ಟೀಲಿ ಹೆಸರಿಲ್ವಂತಲ್ಲಣ್ಣ," ಎಂದ ಅಂಗಡಿಯವನು, ತಕ್ಕಡಿ ಮುಟ್ಟದೆ.